‘ಇಲ್ಲ’ ಎಂದದ್ದು ‘ಅಲ್ಲ’ವಾದಾಗ: ‘ಡಿನೈ’ ಎಂಬ ಇಂಗ್ಲಿಷ್ ಕ್ರಿಯಾಪದ ಮತ್ತು ರೋಗಿಯ ಕಡತ

ಕೆಲವು ವರ್ಷಗಳ ಹಿಂದೆ ನಮ್ಮ ಪರಿಚಯದ ಹಿರಿಯ ಮಹಿಳೆಯೊಬ್ಬರು ನನಗೆ ಫೋನ್ ಮಾಡಿದರು. ಊರಿನಲ್ಲಿ ಹೈಸ್ಕೂಲಿನ ಮಕ್ಕಳಿಗೆ ಬಹಳ ಕಾಲ ಇಂಗ್ಲಿಷ್ ಕಲಿಸಿ ನಿವೃತ್ತರಾಗಿ, ಇಲ್ಲಿ ಮಗನ ಮನೆಗೆ ಬಂದು ನೆಲೆಸಿದವರು. ಹಿಂದಿನ ದಿನ ವೈದ್ಯರಲ್ಲಿಗೆ ಹೋಗಿ ಬಂದಿದ್ದರು. ವೈದ್ಯರು ಬರೆದ ಟಿಪ್ಪಣಿ ರಾತ್ರಿಯೇ ಅವರ ಫೋನಿಗೆ ಬಂದಿತ್ತು. ಅದನ್ನು ಅವರು ಓದಿ ಹೇಳಿದರು: ‘ಪೇಶೆಂಟ್ ಡಿನೈಸ್ ಸ್ಮೋಕಿಂಗ್, ಡಿನೈಸ್ ಆಲ್ಕೋಹಾಲ್, ಡಿನೈಸ್ ಡ್ರಗ್ ಯೂಸ್.’ ಆಮೇಲೆ ಒಂದು ಕ್ಷಣ ಸುಮ್ಮನಿದ್ದು ಕೇಳಿದರು: “ಅಲ್ಲ ಡಾಕ್ಟ್ರೇ, ನಾನು ಕುಡಿಯುತ್ತೇನೆ ಅಂತ ಇವರಿಗೆ ಯಾರು ಹೇಳಿದರು?”

ನನಗೆ ನಗು ಬಂತು. ಅದು ನಮ್ಮ ವೃತ್ತಿಯ ರೂಢಿಯ ಮಾತು, ಅದರಲ್ಲಿ ಸಂಶಯವೇನೂ ಇಲ್ಲ, ‘ಕೇಳಿದೆ, ಇಲ್ಲ ಎಂದರು’ ಎಂದಷ್ಟೇ ಅರ್ಥ ಎಂದು ಸಮಾಧಾನ ಹೇಳಿದೆ. ಅವರು ಮೇಷ್ಟರ ದನಿಯಲ್ಲೇ ಅಂದರು: “ಹಾಗಿದ್ದರೆ ಹಾಗೇ ಬರೆಯಬಹುದಿತ್ತಲ್ಲ?”

ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮೂವತ್ತು ವರ್ಷ ನಾನೂ ಅದನ್ನೇ ಬರೆದಿದ್ದೆ. ನಿವೃತ್ತಿಯಾದ ಮೇಲೆ ಸಿಕ್ಕ ಬಿಡುವಿನಲ್ಲಿ ಈ ಒಂದು ಕ್ರಿಯಾಪದದ ಬೆನ್ನು ಹತ್ತಿದೆ. ನಾನು ಭಾಷಾಶಾಸ್ತ್ರ ಓದಿದವನಲ್ಲ. ಆದರೆ ಈ ಪದವನ್ನು ಸಾವಿರಾರು ಸಲ ಬಳಸಿದವನು, ಒಮ್ಮೆ ಅದರಿಂದ ಪೆಟ್ಟು ತಿಂದವನು. ಆ ಅರ್ಹತೆಯಿಂದಲೇ ಈ ವಿಮರ್ಶೆ ಬರೆಯುತ್ತಿದ್ದೇನೆ.

ಪದದ ಮೂಲ ಮತ್ತು ಸ್ವಭಾವ

‘ಡಿನೈ’ ಇಂಗ್ಲಿಷಿಗೆ ಬಂದದ್ದು ಹಳೆಯ ಫ್ರೆಂಚಿನ ದಾರಿಯಾಗಿ. ಅದರ ಬೇರು ಲ್ಯಾಟಿನ್ನಿನ ‘ದೆನೆಗಾರೆ’. ಅದರಲ್ಲಿರುವ ‘ನೆಗಾರೆ’ ಎಂದರೆ ‘ಇಲ್ಲ ಎನ್ನು’. ‘ನೆಗೆಟಿವ್’ ಹುಟ್ಟಿದ್ದೂ ಆ ಮನೆತನದಲ್ಲೇ. ಮೂಲವನ್ನಷ್ಟೇ ನೋಡಿದರೆ ಇದು ಬಡಪಾಯಿ ಪದ. ‘ಇಲ್ಲ ಎನ್ನು’ ಎಂಬುದರಲ್ಲಿ ಯಾರ ಮಾನಹಾನಿಯೂ ಇಲ್ಲ.

ಆದರೆ ಪದವೊಂದು ಈಗ ಯಾವ ಸಹವಾಸದಲ್ಲಿದೆ ಎಂದು ನೋಡದೆ ಅದರ ಅರ್ಥ ಹೇಳಲಾಗದು. ಇಂದಿನ ಇಂಗ್ಲಿಷಿನಲ್ಲಿ ‘ಡಿನೈ’ ಎಲ್ಲೆಲ್ಲಿ ಕಾಣುತ್ತದೆ? ಆರೋಪಿ ಕಳ್ಳತನವನ್ನು ಡಿನೈ ಮಾಡುತ್ತಾನೆ. ಮಂತ್ರಿ ಲಂಚದ ಸುದ್ದಿಯನ್ನು ಡಿನೈ ಮಾಡುತ್ತಾನೆ. ವಿಮಾ ಕಂಪನಿ ಕ್ಲೇಮನ್ನು ಡಿನೈ ಮಾಡುತ್ತದೆ. ನಮ್ಮಲ್ಲಿ ಅನೇಕರು ಬಲ್ಲಂತೆ, ಕಾನ್ಸುಲೇಟು ವೀಸಾ ಡಿನೈ ಮಾಡುತ್ತದೆ. ಕ್ರೈಸ್ತ ಸುವಾರ್ತೆಗಳಲ್ಲಿ ಕೋಳಿ ಕೂಗುವ ಮೊದಲು ಪೇತ್ರನು ಯೇಸುವನ್ನು ಮೂರು ಸಲ ಡಿನೈ ಮಾಡುವ ಕಥೆಯನ್ನು ಇಂಗ್ಲಿಷ್ ಆಡುವ ಮಕ್ಕಳು ಭಾನುವಾರದ ಶಾಲೆಯಲ್ಲೇ ಕೇಳಿರುತ್ತಾರೆ. ಮನಶ್ಶಾಸ್ತ್ರಕ್ಕೆ ಬಂದರೆ, ಆನಾ ಫ್ರಾಯ್ಡ್ 1936ರಲ್ಲಿ ಮನಸ್ಸು ತನ್ನನ್ನು ಕಾಪಾಡಿಕೊಳ್ಳುವ ತಂತ್ರಗಳ ಬಗ್ಗೆ ಬರೆದ ಪುಸ್ತಕದಲ್ಲಿ ‘ಡಿನಯಲ್’ಗೂ ಜಾಗವಿದೆ. ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಸಾವನ್ನು ಎದುರಿಸುವವರ ಐದು ಹಂತಗಳನ್ನು ಹೇಳುವಾಗ ಮೊದಲನೆಯದಾಗಿ ಇಟ್ಟದ್ದು ಅದನ್ನೇ. ಆಮೇಲೆ ‘ಅವನು ಡಿನಯಲ್‌ನಲ್ಲಿದ್ದಾನೆ’ ಎಂಬ ಮಾತು ಮನೆಮಾತಾಯಿತು. ಕಣ್ಣೆದುರಿನ ಸತ್ಯವನ್ನು ಒಪ್ಪದವನು ಎಂದು ಅದರ ಅರ್ಥ.

ಈ ಎಲ್ಲ ಬಳಕೆಗಳಲ್ಲೂ ಒಂದು ಸಾಮಾನ್ಯ ಅಂಶವಿದೆ. ‘ಡಿನೈ’ ಎಂಬುದು ಎರಡನೆಯ ಮಾತು. ಅದಕ್ಕೆ ಮೊದಲು ಇನ್ನೊಬ್ಬರ ಮಾತು, ಆರೋಪ, ಬೇಡಿಕೆ ಅಥವಾ ಹಕ್ಕು ಇರಲೇಬೇಕು. ನನ್ನ ನೆರೆಯವರು ‘ಐ ಡಿನೈ ಬೀಟಿಂಗ್ ಮೈ ಡಾಗ್’ ಎಂದರೆ, ನಾಯಿಗೆ ಹೊಡೆದರೆಂದು ಯಾರೋ ದೂರಿರಬೇಕು ಎಂದು ನಾನು ಊಹಿಸುತ್ತೇನೆ. ಹೊಡೆದಿಲ್ಲ ಎಂಬುದಕ್ಕಿಂತ ಮೊದಲು ಮನಸ್ಸಿಗೆ ಬರುವುದು ಆ ದೂರು. ನಮ್ಮ ನಿವೃತ್ತ ಶಿಕ್ಷಕಿ “ಯಾರು ಹೇಳಿದರು?” ಎಂದು ಕೇಳಿದ್ದು ತಪ್ಪು ತಿಳಿವಳಿಕೆಯಿಂದಲ್ಲ. ಅವರು ಇಂಗ್ಲಿಷನ್ನು ಸರಿಯಾಗಿಯೇ ಓದಿದ್ದರು. ಸರಿಯಾಗಿ ಓದದವನು ನಾನು.

ಕಾನೂನಿನಲ್ಲಿ ಈ ಪದಕ್ಕೆ ಇನ್ನೂ ಬಿಗಿಯಾದ ಅರ್ಥವಿದೆ. ಅಮೆರಿಕದ ಫೆಡರಲ್ ಸಿವಿಲ್ ನಿಯಮಗಳ ಎಂಟನೆಯ ನಿಯಮದಂತೆ, ಎದುರಾಳಿಯ ಆಪಾದನೆಯನ್ನು ಡಿನೈ ಮಾಡದೆ ಬಿಟ್ಟರೆ, ಸಾಮಾನ್ಯವಾಗಿ ಅದನ್ನು ಒಪ್ಪಿಕೊಂಡಂತೆ. ಭಾರತದ ಸಿವಿಲ್ ಪ್ರಕ್ರಿಯಾ ಸಂಹಿತೆಯ ಎಂಟನೆಯ ಆದೇಶದಲ್ಲೂ ಇದೇ ಬಗೆಯ ಮಾತಿದೆ. ಕಟಕಟೆಯಲ್ಲಿ ನಿಂತವನಿಗೆ ಈ ಪದ ರಕ್ಷಣೆ. ಆದರೆ ಜ್ವರ ನೋಡಿಸಿಕೊಳ್ಳಲು ಬಂದವಳು ಕಟಕಟೆಯಲ್ಲಿ ನಿಂತಿಲ್ಲ.

ನಮ್ಮ ‘ಇಲ್ಲ’, ‘ಅಲ್ಲ’, ‘ಬೇಡ’, ‘ಒಲ್ಲೆ’

ಇಲ್ಲಿ ಕನ್ನಡ ನಮ್ಮ ನೆರವಿಗೆ ಬರುತ್ತದೆ. ಇಂಗ್ಲಿಷಿನ ‘ನೋ’ ಒಂದೇ ಮಾಡುವ ಕೆಲಸವನ್ನು ನಾವು ಹಲವು ಪದಗಳಿಗೆ ಹಂಚಿದ್ದೇವೆ. ‘ಜ್ವರ ಇಲ್ಲ’ ಎಂದರೆ ಜ್ವರವೆಂಬುದು ಇರುವುದನ್ನು ಕುರಿತ ಮಾತು. ‘ಇದು ಜ್ವರ ಅಲ್ಲ’ ಎಂದರೆ ನೀವು ಜ್ವರವೆಂದು ತಿಳಿದದ್ದು ಬೇರೆ ಏನೋ ಎಂದು ತಿದ್ದುವ ಮಾತು. ‘ಮಾತ್ರೆ ಬೇಡ’ ಎಂದರೆ ಅಗತ್ಯವಿಲ್ಲ. ನಾನು ಓದಿದ ಹುಬ್ಬಳ್ಳಿಯ ಕಡೆ ‘ಗುಳಿಗಿ ಒಲ್ಲೆ’ ಎಂದರೆ ನನಗೆ ಇಷ್ಟವಿಲ್ಲ, ತೆಗೆದುಕೊಳ್ಳುವುದಿಲ್ಲ. ಈ ನಾಲ್ಕನ್ನು ಐದು ವರ್ಷದ ಕನ್ನಡದ ಮಗು ಕೂಡ ಅದಲುಬದಲು ಮಾಡುವುದಿಲ್ಲ.

‘ಡಿನೈ’ಗೆ ಕನ್ನಡದಲ್ಲಿ ಸರಿಸಮನಾದ ಪದ ‘ಅಲ್ಲಗಳೆ’. ಪತ್ರಿಕೆಗಳಲ್ಲಿ ‘ಆರೋಪವನ್ನು ಸಚಿವರು ಅಲ್ಲಗಳೆದರು’ ಎಂದು ದಿನವೂ ಓದುತ್ತೇವೆ. ಅದರ ರಚನೆಯನ್ನು ಗಮನಿಸಿ. ಅದು ‘ಅಲ್ಲ’ದ ಮೇಲೆ ಕಟ್ಟಿದ ಕ್ರಿಯಾಪದ, ‘ಇಲ್ಲ’ದ ಮೇಲಲ್ಲ. ಬೇರೆಯವರು ಹೇಳಿದ್ದನ್ನು ‘ಅಲ್ಲ’ ಎಂದು ತೆಗೆದುಹಾಕುವುದು ಅಲ್ಲಗಳೆಯುವುದು. ಮೊದಲು ಯಾರೂ ಏನೂ ಹೇಳದಿದ್ದರೆ ಅಲ್ಲಗಳೆಯಲು ಏನೂ ಇರುವುದಿಲ್ಲ.

ಈಗ ವೈದ್ಯರ ಕೋಣೆಯನ್ನು ನೋಡೋಣ. ವೈದ್ಯ ಕೇಳುತ್ತಾನೆ: “ಕೆಮ್ಮು ಇದೆಯೇ?” ರೋಗಿ ಹೇಳುತ್ತಾಳೆ: “ಇಲ್ಲ.” ಆಕೆ ಯಾರ ಮಾತನ್ನೂ ಅಲ್ಲಗಳೆಯಲಿಲ್ಲ. ಪ್ರಶ್ನೆ ಆರೋಪವಲ್ಲ. ಅದಕ್ಕೆ ಕೊಟ್ಟ ‘ಇಲ್ಲ’ ನೇರವಾದ ಮಾಹಿತಿ. ಆ ‘ಇಲ್ಲ’ವನ್ನು ‘ಡಿನೈಸ್ ಕಾಫ್’ ಎಂದು ಬರೆದಾಗ ವೈದ್ಯನು ‘ಇಲ್ಲ’ವನ್ನು ‘ಅಲ್ಲ’ವಾಗಿ ತರ್ಜುಮೆ ಮಾಡಿದಂತಾಯಿತು. ರೋಗಿ ಕೊಟ್ಟ ಮಾಹಿತಿ ರೋಗಿಯ ಸಮರ್ಥನೆಯಾಗಿ ಬದಲಾಯಿತು. ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಮುಖ್ಯವಾಗಿ ಇಷ್ಟೇ.

ನಮ್ಮ ಕನ್ನಡಿಗರಿಗೆ ಈ ಪದದ ಇನ್ನೊಂದು ತೊಡಕೂ ಇದೆ. ಶಾಲೆಯಲ್ಲಿ ‘ಡಿನೈ’ ಎಂದರೆ ‘ನಿರಾಕರಿಸು’, ‘ರೆಫ್ಯೂಸ್’ ಎಂದರೂ ‘ನಿರಾಕರಿಸು’, ‘ರಿಜೆಕ್ಟ್’ ಎಂದರೂ ‘ನಿರಾಕರಿಸು’ ಎಂದು ಕಲಿತೆವು. ಆದ್ದರಿಂದ ‘ಹಿ ಡಿನೈಡ್ ಟು ಕಮ್’ ಎಂದು ಧಾರಾಳವಾಗಿ ಬರೆಯುತ್ತೇವೆ. ಇಂಗ್ಲಿಷಿನಲ್ಲಿ ಅದು ತಪ್ಪು. ಬರಲು ಒಪ್ಪದಿದ್ದರೆ ‘ರೆಫ್ಯೂಸ್ಡ್ ಟು ಕಮ್’. ಬಂದಿದ್ದೆ ಎಂಬುದನ್ನು ಒಪ್ಪದಿದ್ದರೆ ‘ಡಿನೈಡ್ ಕಮಿಂಗ್’. ಮೊದಲನೆಯದು ಮುಂದಿನ ಕೆಲಸದ ಬಗ್ಗೆ, ಎರಡನೆಯದು ನಡೆದ ಸಂಗತಿಯ ಬಗ್ಗೆ.

ಇದು ಬರಿಯ ವ್ಯಾಕರಣದ ಚರ್ಚೆಯಲ್ಲ. ಭಾರತದಿಂದ ಹೊಸದಾಗಿ ಬಂದ ಕಿರಿಯ ವೈದ್ಯರು ‘ಪೇಶೆಂಟ್ ಡಿನೈಡ್ ಅಡ್ಮಿಷನ್’ ಎಂದು ಬರೆದದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ತಿದ್ದಿದ್ದೇನೆ. ಅವರ ಮನಸ್ಸಿನಲ್ಲಿದ್ದದ್ದು ‘ಆಸ್ಪತ್ರೆಗೆ ಸೇರಲು ರೋಗಿ ಒಪ್ಪಲಿಲ್ಲ’ ಎಂದು. ಇಲ್ಲಿಯ ಓದುಗ ಅದನ್ನು ಪತ್ರಿಕೆಯ ತಲೆಬರಹದಂತೆ ‘ರೋಗಿಗೆ ಆಸ್ಪತ್ರೆಯಲ್ಲಿ ಪ್ರವೇಶ ನಿರಾಕರಣೆ’ ಎಂದು ಓದಬಹುದು. ಬಾಗಿಲು ಮುಚ್ಚಿದವರು ಯಾರು ಎಂಬುದೇ ತಲೆಕೆಳಗಾಗುತ್ತದೆ. ಅಲ್ಲಿ ಬೇಕಾದ ಪದ ‘ಡಿಕ್ಲೈನ್ಡ್’, ಎಂದರೆ ನಮ್ಮ ‘ಬೇಡ ಎಂದರು’.

ಈ ರೂಢಿ ಕಡತದಲ್ಲಿ ಹೇಗೆ ಉಳಿಯಿತು

ಹುಬ್ಬಳ್ಳಿಯ ವಾರ್ಡುಗಳಲ್ಲಿ ನಾವು ವಿದ್ಯಾರ್ಥಿಗಳು ರೋಗಿಯ ಕಥೆಯನ್ನು ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದೆವು. ಇರದ ಲಕ್ಷಣಗಳಿಗೆ ನಾವು ಬರೆಯುತ್ತಿದ್ದದ್ದು ‘ನೋ ಹಿಸ್ಟರಿ ಆಫ್’ ಎಂದು. ಅದೇನೂ ಸುಂದರವಾದ ಇಂಗ್ಲಿಷಲ್ಲ. ಆದರೆ ಅದು ನಮ್ಮ ‘ಇಲ್ಲ’ಕ್ಕೆ ನಿಷ್ಠವಾಗಿತ್ತು. ‘ಡಿನೈಸ್’ ಅನ್ನು ನಾನು ಕಲಿತದ್ದು ಅಮೆರಿಕಕ್ಕೆ ಬಂದು ರೆಸಿಡೆನ್ಸಿ ಸೇರಿದ ಮೇಲೆ. ಹಿರಿಯರು ಹಾಗೆ ಬರೆಯುತ್ತಿದ್ದರು, ನಾನೂ ಹಾಗೇ ಬರೆದೆ. ವಲಸೆ ಬಂದವನಿಗೆ ಸ್ಥಳೀಯರಂತೆ ಬರೆಯುವ ಆಸೆ ಹೆಚ್ಚಿರುತ್ತದೆ.

ಪದ ಬೇರೂರಲು ಇನ್ನೊಂದು ಕಾರಣ ಹಣಕಾಸಿನದು. 1995 ಮತ್ತು 1997ರ ಮೆಡಿಕೇರ್ ದಾಖಲಾತಿ ನಿಯಮಗಳಂತೆ, ವೈದ್ಯರಿಗೆ ಸಿಗುವ ಶುಲ್ಕದ ಮಟ್ಟವು ಎಷ್ಟು ಅಂಗವ್ಯೂಹಗಳ ಬಗ್ಗೆ ಪ್ರಶ್ನೆ ಕೇಳಿ ದಾಖಲಿಸಿದ್ದಾರೆ ಎಂಬುದನ್ನೂ ಅವಲಂಬಿಸಿತ್ತು. ‘ಸಂಪೂರ್ಣ’ ಎನಿಸಿಕೊಳ್ಳಲು ಕನಿಷ್ಠ 10 ವ್ಯೂಹಗಳು ಬೇಕಿತ್ತು. ‘ಡಿನೈಸ್’ ಎಂದು ಒಮ್ಮೆ ಬರೆದು ಮುಂದೆ ಜ್ವರ, ಚಳಿ, ತಲೆನೋವು, ವಾಂತಿ, ಭೇದಿ ಎಂದು ಪೋಣಿಸಿಬಿಟ್ಟರೆ ಕೆಲಸ ಮುಗಿಯಿತು. ಗಣಕದ ಕಡತಗಳು ಬಂದ ಮೇಲೆ ಆ ಸರವೂ ಸಿದ್ಧವಾಗಿಯೇ ಸಿಗತೊಡಗಿತು. ಒಂದು ಗುಂಡಿ ಒತ್ತಿದರೆ ಇಪ್ಪತ್ತು ಲಕ್ಷಣಗಳನ್ನು ರೋಗಿ ‘ಅಲ್ಲಗಳೆದ’ ವಾಕ್ಯ ಪ್ರತ್ಯಕ್ಷ. ಅವುಗಳಲ್ಲಿ ಹನ್ನೆರಡನ್ನು ಯಾರೂ ಕೇಳಿಯೇ ಇರಲಿಲ್ಲ. ಕೇಳದ ಪ್ರಶ್ನೆಗೆ ಕೊಡದ ಉತ್ತರ, ಅದನ್ನು ವರದಿ ಮಾಡಲು ಸಂಶಯದ ಕ್ರಿಯಾಪದ!

ಹೊರರೋಗಿಗಳ ಭೇಟಿಗೆ ಈ ಎಣಿಕೆಯ ನಿಯಮ 2021ರ ಜನವರಿಯಲ್ಲಿ ಹೋಯಿತು. ಆಸ್ಪತ್ರೆಯ ಒಳರೋಗಿಗಳಿಗೆ 2023ರಲ್ಲಿ ಹೋಯಿತು. ಕಾರಣ ಹೋಗಿದೆ, ಅಭ್ಯಾಸ ಉಳಿದಿದೆ.

ಸಮರ್ಥಕರ ವಾದಗಳು

ನನ್ನ ಸಹೋದ್ಯೋಗಿಗಳು ಈ ಪದದ ಪರವಾಗಿ ಹೇಳುವುದನ್ನೂ ನ್ಯಾಯವಾಗಿ ಇಡಬೇಕು.

ಮೊದಲನೆಯ ವಾದ: ವೈದ್ಯ ತಾನು ಕಂಡದ್ದನ್ನೂ ರೋಗಿ ಹೇಳಿದ್ದನ್ನೂ ಬೇರೆಬೇರೆಯಾಗಿ ಇಡಬೇಕು. ‘ಮದ್ಯಪಾನ ಇಲ್ಲ’ ಎಂದು ಬರೆದರೆ ಅದಕ್ಕೆ ವೈದ್ಯನೇ ಸಾಕ್ಷಿಯಾದಂತೆ. ‘ಡಿನೈಸ್’ ಎಂದರೆ ಇದು ರೋಗಿಯ ಮಾತು ಎಂದು ಸ್ಪಷ್ಟವಾಗುತ್ತದೆ. ಇದು ತೂಕವುಳ್ಳ ವಾದ. ಆದರೆ ಲಾರೆನ್ಸ್ ವೀಡ್ ಅವರು 1968ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದ ನಂತರ ಹರಡಿದ ಪದ್ಧತಿಯಲ್ಲಿ ಟಿಪ್ಪಣಿಗೆ ನಾಲ್ಕು ಭಾಗಗಳಿವೆ. ಮೊದಲ ಭಾಗ ಇರುವುದೇ ರೋಗಿ ಹೇಳಿದ್ದಕ್ಕೆ, ಎರಡನೆಯದು ವೈದ್ಯ ಪರೀಕ್ಷಿಸಿ ಕಂಡದ್ದಕ್ಕೆ. ‘ಹೇಳಿದ್ದು’ ಎಂಬ ತಲೆಬರಹದ ಕೆಳಗೆ ಬರೆದ ಮೇಲೆ ‘ಇಲ್ಲ’ ಎಂಬುದು ಯಾರ ಮಾತು ಎಂಬ ಗೊಂದಲವೇ ಇರದು. ಇನ್ನೂ ಬೇಕಾದರೆ ‘ರಿಪೋರ್ಟ್ಸ್ ನೋ ಚೆಸ್ಟ್ ಪೇನ್’ ಎನ್ನಬಹುದು. ಮೂಲ ಯಾರೆಂದು ಅದೂ ಹೇಳುತ್ತದೆ, ಮೂಲವನ್ನು ಸಂಶಯಿಸದೆ. ಇನ್ನೊಂದು ಮಾತು. ರೋಗಿ ‘ಇದೆ’ ಎಂದಾಗ ನಾವು ‘ಅಡ್ಮಿಟ್ಸ್’ ಎಂದು ಬರೆಯುವುದು ಯಾವಾಗ? ‘ಅಡ್ಮಿಟ್ಸ್ ಟು ಡ್ರಿಂಕಿಂಗ್’ ಎನ್ನುತ್ತೇವೆ. ‘ಅಡ್ಮಿಟ್ಸ್ ಟು ನೀ ಪೇನ್’ ಎಂದು ಬರೆದದ್ದನ್ನು ನಾನಂತೂ ನೋಡಿದ ನೆನಪಿಲ್ಲ. ಹಾಗಾದರೆ ಈ ಪದಗಳು ಬರಿಯ ಮೂಲಸೂಚಕಗಳಲ್ಲ. ಅವುಗಳಲ್ಲಿ ತೀರ್ಪಿನ ವಾಸನೆ ಇದೆ ಎಂದು ನಮಗೂ ಒಳಗೊಳಗೇ ಗೊತ್ತು.

ಎರಡನೆಯ ವಾದ: ಇದು ಪರಿಭಾಷೆ, ವೈದ್ಯರು ವೈದ್ಯರಿಗಾಗಿ ಬರೆದದ್ದು, ಹೊರಗಿನವರು ತಪ್ಪು ತಿಳಿದರೆ ನಾವೇನು ಮಾಡುವುದು? ಒಂದು ಕಾಲಕ್ಕೆ ಇದು ನಡೆಯುತ್ತಿತ್ತು. 2010ರಲ್ಲಿ ಬಾಸ್ಟನ್, ಪೆನ್ಸಿಲ್ವೇನಿಯಾ ಮತ್ತು ಸಿಯಾಟಲ್‌ನ ಮೂರು ಸಂಸ್ಥೆಗಳಲ್ಲಿ ನೂರಕ್ಕೂ ಹೆಚ್ಚು ವೈದ್ಯರು ತಮ್ಮ ಟಿಪ್ಪಣಿಗಳನ್ನು ಸುಮಾರು 20,000 ರೋಗಿಗಳಿಗೆ ತೆರೆದು ತೋರಿಸಿದರು. ಅದೇ ‘ಓಪನ್‌ನೋಟ್ಸ್’ ಪ್ರಯೋಗ. 2016ರ ಡಿಸೆಂಬರಿನಲ್ಲಿ ‘21ನೇ ಶತಮಾನದ ಕ್ಯೂರ್ಸ್ ಕಾಯ್ದೆ’ ಬಂತು. ಅದರಡಿಯ ನಿಯಮ 2021ರ ಏಪ್ರಿಲ್ 5ರಿಂದ ಜಾರಿಯಾಗಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ವೈದ್ಯರ ಟಿಪ್ಪಣಿಗಳನ್ನು ರೋಗಿ ತಡವಿಲ್ಲದೆ ಓದುವಂತಾಯಿತು. ಈಗ ರೋಗಿ ಹೊರಗಿನವಳಲ್ಲ, ಓದುಗರಲ್ಲಿ ಒಬ್ಬಳು. ಓದುಗಳು ಬದಲಾದ ಮೇಲೂ ಬರೆಯುವವನು ಬದಲಾಗದಿದ್ದರೆ ಅದು ಬರೆಯುವವನ ದೋಷ.

ಮೂರನೆಯ ವಾದ: ಒಂದು ಪದದಿಂದ ಚಿಕಿತ್ಸೆ ಕೆಡುವುದಿಲ್ಲ. ‘ಡಿನೈ’ ಒಂದನ್ನೇ ತೆಗೆದುಕೊಂಡು ಇದನ್ನು ಸಾಧಿಸಿ ತೋರಿಸುತ್ತೇನೆ ಎಂದು ನಾನು ಹೇಳಲಾರೆ. ಆದರೆ ಕಡತದ ಭಾಷೆ ಓದುವ ವೈದ್ಯರ ಮನಸ್ಸನ್ನು ಬದಲಿಸುತ್ತದೆ ಎಂಬುದಕ್ಕೆ ಆಧಾರವಿದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಜಾನ್ಸ್ ಹಾಪ್‌ಕಿನ್ಸ್‌ನ ಸಂಶೋಧಕರು ಸಿಕಲ್ ಸೆಲ್ ಕಾಯಿಲೆಯಿಂದ ನೋವಿನಲ್ಲಿದ್ದ ಒಬ್ಬನೇ ಕಾಲ್ಪನಿಕ ರೋಗಿಯ ಬಗ್ಗೆ ಎರಡು ಟಿಪ್ಪಣಿ ಬರೆದರು. ವೈದ್ಯಕೀಯ ಸಂಗತಿಗಳು ಒಂದೇ. ಒಂದರ ಭಾಷೆ ತಟಸ್ಥ, ಇನ್ನೊಂದರಲ್ಲಿ ಸಂಶಯ ಮತ್ತು ತಾತ್ಸಾರದ ಛಾಯೆ. ಎರಡನೆಯದನ್ನು ಓದಿದ ವಿದ್ಯಾರ್ಥಿಗಳಿಗೂ ಕಿರಿಯ ವೈದ್ಯರಿಗೂ ರೋಗಿಯ ಬಗ್ಗೆ ಕೆಟ್ಟ ಅಭಿಪ್ರಾಯ ಬಂತು. ಕಿರಿಯ ವೈದ್ಯರು ನೋವಿಗೆ ಕೊಡಬೇಕೆಂದ ಔಷಧವೂ ಕಡಿಮೆಯಾಯಿತು. 2021ರ ಇನ್ನೊಂದು ಅಧ್ಯಯನದಲ್ಲಿ, ರೋಗಿಯ ಮಾತನ್ನು ನಂಬಲಾಗದೆಂದು ಸೂಚಿಸುವ ‘ಕ್ಲೇಮ್ಸ್’, ‘ಇನ್ಸಿಸ್ಟ್ಸ್’ ಮುಂತಾದ ಪದಗಳೂ ಉದ್ಧರಣ ಚಿಹ್ನೆಗಳೂ ಕಪ್ಪು ರೋಗಿಗಳ ಕಡತಗಳಲ್ಲಿ ಹೆಚ್ಚಾಗಿ ಕಂಡವು. 2022ರಲ್ಲಿ ಬ್ರಿಟನ್ನಿನ ಕ್ಯಾಟ್ರಿಯೋನಾ ಕಾಕ್ಸ್ ಮತ್ತು ಜೋಯಿ ಫ್ರಿಟ್ಜ್ ಎಂಬ ವೈದ್ಯೆಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಲೇಖನ ‘ಡಿನೈಸ್’ ಅನ್ನೂ ಹೆಸರಿಸಿ, ಇಂಥ ಪದಗಳನ್ನು ಕೈಬಿಡಬೇಕೆಂದು ವಾದಿಸಿತು.

ನನ್ನ ಒಂದು ಟಿಪ್ಪಣಿ

ಮೇಲಿನದು ಓದಿನಿಂದ ಬಂದದ್ದು. ಈಗ ಹೇಳುವುದು ನನ್ನ ತಪ್ಪಿನ ಕಥೆ. ರೋಗಿಯ ಗುರುತು ಸಿಗದಂತೆ ವಿವರಗಳನ್ನು ಬಿಟ್ಟಿದ್ದೇನೆ.

ಬಹಳ ವರ್ಷಗಳ ಹಿಂದೆ ಎಪ್ಪತ್ತು ದಾಟಿದ, ಸಕ್ಕರೆ ಕಾಯಿಲೆಯಿದ್ದ ನಮ್ಮ ಕಡೆಯ ತಾಯಿಯೊಬ್ಬರು ನನ್ನಲ್ಲಿಗೆ ಬಂದರು. ಅವರಿಗೂ ನನಗೂ ನಡುವೆ ದುಭಾಷಿ ಬೇಕಿರಲಿಲ್ಲ. “ಏನಾಗ್ತದಮ್ಮ?” ಎಂದೆ. “ಏನಿಲ್ರಿ, ಎರಡು ದಿನದಿಂದ ಎದಿ ಹಿಡದಂಗ ಆಗ್ತೈತಿ, ವಾಯು ಇರಬೇಕು” ಎಂದರು. “ಎದೆನೋವು ಐತೇನು?” ಎಂದು ಕೇಳಿದೆ. “ನೋವು ಇಲ್ರಿ” ಎಂದರು. ಹೊಟ್ಟೆ ಮುಟ್ಟಿ ನೋಡಿದೆ. ಆಮ್ಲಕ್ಕೆ ಮಾತ್ರೆ ಕೊಟ್ಟೆ. ಟಿಪ್ಪಣಿಯಲ್ಲಿ ಬರೆದೆ: ‘ಡಿನೈಸ್ ಚೆಸ್ಟ್ ಪೇನ್.’

ಮರುದಿನ ಅವರಿಗೆ ಹೊಟ್ಟೆ ತೊಳಸಿ ಬೆವರು ಬಂದಾಗ ಮನೆಯವರು ಎಮರ್ಜೆನ್ಸಿಗೆ ಕರೆದೊಯ್ದರು. ಅಲ್ಲಿದ್ದ ವೈದ್ಯರಿಗೆ ಕನ್ನಡ ಬಾರದು. ಅವರು ನನ್ನ ಟಿಪ್ಪಣಿ ಓದಿದರು. ‘ಡಿನೈಸ್ ಚೆಸ್ಟ್ ಪೇನ್’ ಅವರ ಕಡತಕ್ಕೂ ಹೋಯಿತು. ಹೊಟ್ಟೆಯ ತೊಂದರೆಯೆಂದೇ ಮೊದಲು ನೋಡಿದರು. ಹೃದಯಾಘಾತವೆಂದು ತಿಳಿಯುವ ಹೊತ್ತಿಗೆ ಹಲವು ಗಂಟೆಗಳು ಕಳೆದಿದ್ದವು. ಅವರು ಬದುಕಿದರು. ಆದರೆ ಹೃದಯದ ಶಕ್ತಿ ಮೊದಲಿನಂತಾಗಲಿಲ್ಲ. ಮೆಟ್ಟಿಲು ಹತ್ತುವಾಗ ನಡುವೆ ನಿಲ್ಲುವುದು ಕೊನೆಯವರೆಗೂ ತಪ್ಪಲಿಲ್ಲ.

ಅವರು ಏನನ್ನೂ ಅಲ್ಲಗಳೆದಿರಲಿಲ್ಲ. ‘ಎದಿ ಹಿಡದಂಗ’ ಎಂದು ಬಾಯಿಬಿಟ್ಟು ಹೇಳಿದ್ದರು. ಅವರ ಕನ್ನಡದಲ್ಲಿ ‘ನೋವು’ ಎಂದರೆ ಚುಚ್ಚುವ, ಸೀಳುವ ನೋವು. ‘ಹಿಡಿದ ಹಾಗೆ’ ಎಂಬುದು ಬೇರೆ. ಅವರ ‘ಇಲ್ಲ’ ಆ ಒಂದು ಪದಕ್ಕೆ ಕೊಟ್ಟ ನಿಖರವಾದ ಉತ್ತರ. ನಾನು ಅವರ ವಾಕ್ಯವನ್ನು ಬಿಟ್ಟು ‘ಇಲ್ಲ’ವನ್ನು ಮಾತ್ರ ಎತ್ತಿಕೊಂಡೆ, ಅದನ್ನೂ ‘ಅಲ್ಲ’ ಮಾಡಿ ಬರೆದೆ. ಕನ್ನಡ ತಿಳಿಯದ ವೈದ್ಯರು ಮಾಡಿದ್ದರೆ ಭಾಷೆಯ ತೊಂದರೆ ಎನ್ನಬಹುದಿತ್ತು. ನಾನು ಕನ್ನಡದಲ್ಲಿ ಕೇಳಿ ಇಂಗ್ಲಿಷಿನಲ್ಲಿ ಕಳೆದುಕೊಂಡೆ.

‘ಡಿನೈಸ್’ ಬದಲು ‘ನೋ ಚೆಸ್ಟ್ ಪೇನ್’ ಎಂದು ಬರೆದಿದ್ದರೂ ಇದೇ ಆಗುತ್ತಿರಲಿಲ್ಲವೇ ಎಂದು ಕೇಳಬಹುದು. ಆಗುತ್ತಿತ್ತೋ ಏನೋ. ನನ್ನ ಮುಖ್ಯ ತಪ್ಪು ಕೇಳಿದ್ದನ್ನು ಬರೆಯದಿದ್ದದ್ದು. ಆದರೆ ಆ ಪದ ಆ ತಪ್ಪಿಗೆ ಅನುಕೂಲ ಮಾಡಿಕೊಟ್ಟಿತು. ‘ಡಿನೈಸ್’ ಎಂದು ಬರೆಯುವವನು ತನ್ನ ಪ್ರಶ್ನೆಯ ಪದವನ್ನು ಬರೆಯುತ್ತಾನೆ, ರೋಗಿಯ ಉತ್ತರದ ಪದವನ್ನಲ್ಲ. ‘ಅಮ್ಮ ಹೇಳಿದರು’ ಎಂದು ವಾಕ್ಯ ಆರಂಭಿಸಿದ್ದರೆ ನನ್ನ ಕೈ ‘ಎದೆ ಹಿಡಿದ ಹಾಗೆ, ಆದರೆ ನೋವು ಇಲ್ಲ’ ಎಂದು ಮುಂದುವರಿಯುತ್ತಿತ್ತು. ಆ ವಾಕ್ಯವನ್ನು ಓದಿದ ಯಾವ ವೈದ್ಯರೂ ಇಸಿಜಿ ಮಾಡದೆ ಬಿಡುತ್ತಿರಲಿಲ್ಲ.

2021ರ ಅಕ್ಟೋಬರಿನಲ್ಲಿ ಅಮೆರಿಕದ ಹೃದ್ರೋಗ ಸಂಸ್ಥೆಗಳು ಎದೆನೋವಿನ ಬಗ್ಗೆ ಹೊರತಂದ ಮಾರ್ಗಸೂಚಿ ಇದೇ ಮಾತನ್ನು ಬೇರೆ ರೀತಿಯಲ್ಲಿ ಹೇಳುತ್ತದೆ. ‘ಎದೆನೋವು’ ಎಂದರೆ ಎದೆಯಲ್ಲಿನ ನೋವು ಮಾತ್ರವಲ್ಲ. ಒತ್ತಡ, ಬಿಗಿತ, ಭುಜ, ತೋಳು, ಕುತ್ತಿಗೆ, ಬೆನ್ನು, ದವಡೆ ಅಥವಾ ಹೊಟ್ಟೆಯ ಮೇಲ್ಭಾಗದ ಅಸ್ವಸ್ಥತೆಯೂ ಅದರಲ್ಲಿ ಸೇರಬೇಕು. 2018ರ ಕೊಲೆಸ್ಟ್ರಾಲ್ ಮಾರ್ಗಸೂಚಿಯಂತೆ ದಕ್ಷಿಣ ಏಷ್ಯಾದ ಮೂಲವೇ ಹೃದಯದ ಅಪಾಯವನ್ನು ಹೆಚ್ಚಿಸುವ ಒಂದು ಅಂಶ. ಎದೆ ಭಾರ, ಸಂಕಟ, ಎದೆ ಉರಿ, ಹಿಡಿದ ಹಾಗೆ, ಏನೋ ಒಂಥರಾ ಎಂದು ನಮ್ಮವರು ಹೇಳುವ ಮಾತುಗಳೆಲ್ಲ ‘ಪೇನ್’ ಎಂಬ ಒಂದು ಪ್ರಶ್ನೆಯ ಜಾಲರಿಯಲ್ಲಿ ಸೋರಿಹೋಗುತ್ತವೆ.

ನಮ್ಮ ಮನೆಗಳಿಗೆ ಸಂಬಂಧಿಸಿದ ಮಾತು

ನಮ್ಮ ಹಿರಿಯರ ‘ಏನಿಲ್ಲ’ವನ್ನು ಬಲ್ಲವರಿಗೆ ಇದರ ಗಂಭೀರತೆ ತಿಳಿಯುತ್ತದೆ. ಕನ್ನಡದಲ್ಲಿ ‘ಏನಿಲ್ಲ’ ಎಂಬುದು ಮಾತಿನ ಮುಕ್ತಾಯವಲ್ಲ, ಪೀಠಿಕೆ. “ಏನಿಲ್ಲ ಡಾಕ್ಟ್ರೇ, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತೆ ಅಷ್ಟೆ” ಎನ್ನುತ್ತಾರೆ. ಮಗನಿಗೆ ರಜೆ ಹಾಕಿಸಬಾರದು, ಸೊಸೆಗೆ ತೊಂದರೆ ಕೊಡಬಾರದು, ಇಲ್ಲಿನ ಆಸ್ಪತ್ರೆಯ ಬಿಲ್ಲಿನ ಭಯ, ಇವೆಲ್ಲ ಸೇರಿ ಆ ‘ಏನಿಲ್ಲ’ ಹುಟ್ಟುತ್ತದೆ. ಹದಿನೈದು ನಿಮಿಷದ ಭೇಟಿಯಲ್ಲಿ ವೈದ್ಯರು ಪೀಠಿಕೆಯನ್ನೇ ಪೂರ್ಣಪಾಠವೆಂದು ತಿಳಿದು ‘ಡಿನೈಸ್’ ಎಂದು ಬರೆದು ಮುಗಿಸುತ್ತಾರೆ. ಜೊತೆಗೆ ಹೋದ ಮಗನೋ ಮಗಳೋ ತಾಯಿಯ ಮೂರು ವಾಕ್ಯವನ್ನು ‘ಶಿ ಸೇಸ್ ನೋ’ ಎಂದು ಇಳಿಸಿದರಂತೂ ಮುಗಿದೇ ಹೋಯಿತು.

ಆದ್ದರಿಂದ ಕೆಲವು ಸಲಹೆಗಳು.

ತಂದೆತಾಯಿಯರ ಪರವಾಗಿ ಮಾತಾಡುವಾಗ ಅವರ ಪದಗಳನ್ನೇ ಪೂರ್ತಿಯಾಗಿ ಒಪ್ಪಿಸಿ. ‘ನೋ ಪೇನ್, ಬಟ್ ಶಿ ಸೇಸ್ ಇಟ್ ಫೀಲ್ಸ್ ಲೈಕ್ ಸಮ್‌ಥಿಂಗ್ ಈಸ್ ಗ್ರಿಪ್ಪಿಂಗ್ ಹರ್ ಚೆಸ್ಟ್’ ಎನ್ನಲು ಆರು ಸೆಕೆಂಡು ಸಾಕು. ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಇಂಗ್ಲಿಷ್ ಸಾಲದವರಿಗೆ ಉಚಿತವಾಗಿ ದುಭಾಷಿಯನ್ನು ಒದಗಿಸಬೇಕು. ಮುಜುಗರದ ವಿಷಯಗಳಿಗೆ ಮಕ್ಕಳಿಗಿಂತ ದುಭಾಷಿಯೇ ಮೇಲು.

ಮನೆಗೆ ಬಂದ ಮೇಲೆ ಟಿಪ್ಪಣಿಯನ್ನು ಓದಿ. ‘ಡಿನೈಸ್’ ಎಂದಿರುವುದರಿಂದ ನೊಂದುಕೊಳ್ಳಬೇಡಿ, ಬಹುಪಾಲು ಅದು ಅಭ್ಯಾಸಬಲ. ಆದರೆ ಅದರ ಮುಂದಿನ ಪಟ್ಟಿಯನ್ನು ಮಾತ್ರ ಗಮನವಿಟ್ಟು ನೋಡಿ. ನೀವು ಹೇಳಿದ್ದು ಅಲ್ಲಿ ಬಿಟ್ಟುಹೋಗಿದ್ದರೆ, ಅಥವಾ ಕೇಳದೇ ಇದ್ದದ್ದು ಸೇರಿದ್ದರೆ, ತಿದ್ದುಪಡಿ ಕೋರಲು ಹಿಪಾ ಕಾನೂನು ನಿಮಗೆ ಹಕ್ಕು ಕೊಟ್ಟಿದೆ. ಸಾಮಾನ್ಯವಾಗಿ 60 ದಿನಗಳೊಳಗೆ ಅದಕ್ಕೆ ಅವರು ಉತ್ತರಿಸಬೇಕು.

ಇನ್ನು ನಮ್ಮ ಸಂಘದ ಮನೆಗಳಲ್ಲಿ ಬೆಳೆದು ಈಗ ವೈದ್ಯರಾಗುತ್ತಿರುವ ಮಕ್ಕಳಿಗೆ ಒಂದು ಮಾತು. ಯಂತ್ರ ಕೇಳಿಸಿಕೊಂಡು ಟಿಪ್ಪಣಿ ಬರೆಯುವ ಕಾಲ ಬಂದಿದೆ. ಅದು ನಮ್ಮ ಹಳೆಯ ಕಡತಗಳಿಂದಲೇ ಕಲಿತು ‘ಡಿನೈಸ್’ ಎಂದು ಬರೆದರೆ ಆಶ್ಚರ್ಯವಿಲ್ಲ. ಸಹಿ ಮಾಡುವ ಮೊದಲು ಅದನ್ನು ಅಳಿಸಿ ‘ಇಲ್ಲ ಎಂದರು’ ಎಂಬುದರ ಇಂಗ್ಲಿಷನ್ನು ಬರೆಯಿರಿ. ‘ಬೇಡ’ ಎಂದವರಿಗೆ ‘ಡಿಕ್ಲೈನ್ಡ್’ ಎನ್ನಿ. ‘ಡಿನೈ’ ಎಂಬ ಪದವನ್ನು ನಿಜವಾಗಿಯೂ ಆರೋಪವಿರುವ ಜಾಗಕ್ಕೆ, ಎಂದರೆ ನ್ಯಾಯಾಲಯಕ್ಕೂ ಪತ್ರಿಕೆಗೂ ಬಿಟ್ಟುಕೊಡಿ.

ನಿವೃತ್ತನಾಗುವ ಮುಂಚಿನ ಕೊನೆಯ ಕೆಲವು ವರ್ಷ ನಾನು ಹಾಗೆ ಬರೆಯಲು ಪ್ರಯತ್ನಿಸಿದೆ. ಕೈ ಹಳೆಯ ದಾರಿಗೇ ಹೊರಳುತ್ತಿತ್ತು. ಪ್ರತಿ ಸಲ ‘ಡಿನೈಸ್’ ಎಂದು ಬೆರಳು ಒತ್ತಿದಾಗ ಅಳಿಸಿ, ಆಕೆ ಏನೆಂದರು ಎಂದು ನೆನೆಸಿಕೊಳ್ಳಬೇಕಾಗುತ್ತಿತ್ತು. ಕೆಲವು ಸಲ ನೆನಪಾಗುತ್ತಿರಲಿಲ್ಲ. ಆಗ ಎದ್ದು ಕೋಣೆಗೆ ಹಿಂದಿರುಗಿ ಮತ್ತೆ ಕೇಳಿದ್ದೇನೆ.